ಕಂಸದೊಳಗಿನ ಅಳು

“ನಾನು ಅಳು ಅಂತ ಬರೆಯೋ ತನಕ ನಲವತ್ತು ದೇಶದಲ್ಲಿ ಒಬ್ಬನೂ ಅಳಲ್ಲ, ತಿಳ್ಕೋ,” ಎಂದ ಅವನು, ಬಾಯಿಯ ಸುತ್ತ ಸೋಪಿನ ನೊರೆ ಹಚ್ಚಿಕೊಂಡು.

ಬಚ್ಚಲಿನ ಬಾಗಿಲಲ್ಲಿ ನಿಂತಿದ್ದ ಹನ್ನೊಂದು ವರ್ಷದ ಮಗಳು ಆಗಲೇ ಬೂಟು ಹಾಕಿಕೊಂಡಿದ್ದಳು. ಹಣೆಯ ಮೇಲೆ, ಬೂಟಿನ ಡಬ್ಬಿಯ ರಟ್ಟು ಕತ್ತರಿಸಿ ತಾನೇ ಮಾಡಿಕೊಂಡ ಮುಖವಾಡ. ಕಣ್ಣಿಗೆ ಎರಡು ಗೆರೆಯಷ್ಟು ಸೀಳು. ಮೂಗಿನಿಂದ ಕೆಳಗೆ ಬಯಲು. ಟೀವಿಯ ದೋಣಿ ಹುಡುಗಿಯ ಮುಖವಾಡ ಹಾಗೇ ಇರುತ್ತದಂತೆ.

“ಮೂರು ಗಂಟೆಗೆ ಬರುತ್ತೆ ಅಪ್ಪ. ಕೊನೇ ಕಂತು. ಒಂದೂವರೆ ಬಸ್ಸು ಹಿಡಿದ್ರೆ ಚಿಕ್ಕಪ್ಪನ ಮನೆಗೆ ಸರಿಯಾಗಿ ಹೋಗಬಹುದು.”

“ಯಾಕೆ ಹೋಗಬೇಕು? ನಾನು ನೋಡಿದೀನಲ್ಲ.”

ಗಲ್ಲದ ಮೇಲೆ ರೇಜರು ಎಳೆದ. ಚಿಕ್ಕ ಕನ್ನಡಿ, ಅದರಲ್ಲಿ ಅವನಿಗೆ ಅವನೇ ಪೂರ್ತಿ ಸಿಗುತ್ತಿರಲಿಲ್ಲ.

ಅವನ ಕೆಲಸ ಅನಿಮೆ ಎಂಬ ಜಪಾನಿ ಕಾರ್ಟೂನು ಧಾರಾವಾಹಿಗಳಿಗೆ ಅಡಿಬರಹ ಬರೆಯುವುದು. ಪರದೆಯ ಕೆಳಗೆ ಬಂದು ಹೋಗುವ ಎರಡು ಸಾಲು. ಕಿವಿ ಕೇಳದವರಿಗಾಗಿ ಕಂಸದೊಳಗೆ ಸದ್ದುಗಳ ವಿವರ: (ದೂರದಲ್ಲಿ ಗುಡುಗು), (ಹುಟ್ಟು ನೀರಿಗೆ ಬಿದ್ದ ಸದ್ದು). ದೋಣಿ ಹುಡುಗಿಯ ಇಪ್ಪತ್ತನಾಲ್ಕೂ ಕಂತುಗಳಿಗೆ ಅವನದೇ ಅಡಿಬರಹ. ಅವನ ಭಾಷೆಯ ಆ ಸಾಲುಗಳನ್ನು ನಲವತ್ತು ದೇಶಗಳಲ್ಲಿ ಓದಬಹುದಿತ್ತು, ಆ ಭಾಷೆ ಆಡುವ ಅವನ ದೇಶವೊಂದನ್ನು ಬಿಟ್ಟು. ಇಲ್ಲಿನ ಹಕ್ಕನ್ನು ಯಾವುದೋ ಕಂಪನಿ ಕೊಂಡು, ಕೊಂಡದ್ದನ್ನು ಮರೆತು ಮಲಗಿತ್ತು. ಅಧಿಕೃತ ಆ್ಯಪ್ ತೆರೆದರೆ ಬೂದು ಪರದೆಯ ನಡುವೆ ಒಂದೇ ಸಾಲು: ಈ ಕಾರ್ಯಕ್ರಮ ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ.

ಆ ಸಾಲೂ ಅವನದೇ. ಮೊದಲು ‘ಸಿಗುವುದಿಲ್ಲ’ ಎಂದಿತ್ತು. ತೀರಾ ಒರಟಾಯಿತೆಂದು ‘ಲಭ್ಯವಿಲ್ಲ’ ಎಂದು ತಿದ್ದಿಸಿದ್ದ. ಆ ವಾರವಿಡೀ ಸಾಮ್ರಾಜ್ಯವೊಂದರ ಗಡಿ ತಾನೇ ಎಳೆದವನಂತೆ ಓಡಾಡಿದ್ದ.

ನೋಡಲು ಕಳ್ಳದಾರಿಗಳಿದ್ದವು. ಆದರೆ ಅವನು ಸಹಿ ಹಾಕಿದ್ದ ಹದಿನೆಂಟು ಪುಟಗಳ ಕರಾರಿನಲ್ಲಿ ಹನ್ನೊಂದು ಪುಟ ಕಳ್ಳದಾರಿಗಳ ಬಗ್ಗೆಯೇ ಇತ್ತು.

ಊರಿನ ನದಿಯ ಆಚೆ ದಡ ಇನ್ನೊಂದು ದೇಶ. ದಾಟಲು ಒಂದು ಗುರುತಿನ ಚೀಟಿ, ಮುಕ್ಕಾಲು ಗಂಟೆಯ ಬಸ್ಸು. ಅಲ್ಲಿ ಅವನ ಷಡ್ಡಕ ಇದ್ದ, ಹೆಂಡತಿಯ ತಂಗಿಯ ಗಂಡ. ಬಚ್ಚಲಿನ ಸಾಮಾನಿನ ಅಂಗಡಿ. ಇವನು ಅವನಿಗೆ ಇಟ್ಟ ಹೆಸರು ನಲ್ಲಿ ಸಾಹುಕಾರ. ಸಾಹುಕಾರನ ಸೋಫಾ ಎಷ್ಟು ಉದ್ದವೆಂದರೆ ಈ ತುದಿಯಲ್ಲಿ ಕೂತವರ ನೆಗಡಿ ಆ ತುದಿಯವರಿಗೆ ಹತ್ತಲು ಮೂರು ದಿನ ಬೇಕು. ಟೀವಿ ಎಷ್ಟು ದೊಡ್ಡದೆಂದರೆ ಅದರೊಳಗಿನ ಜನ ಬಗ್ಗಿ ಹೊರಗಿನವರನ್ನು ನೋಡುತ್ತಾರೆ. ಆ ಟೀವಿಗೆ ಪ್ರತಿ ಭಾನುವಾರ ಮೂರಕ್ಕೆ ದೋಣಿ ಹುಡುಗಿ ತಾನಾಗಿ ಬರುತ್ತಿದ್ದಳು. ಅದಕ್ಕಾಗಿ ಆ ಮನುಷ್ಯ ಪಟ್ಟ ಶ್ರಮವೆಂದರೆ ಸೇತುವೆಯ ಆ ತುದಿಯಲ್ಲಿ ಮನೆ ಮಾಡಿದ್ದು.

ಅವಳನ್ನು ನೋಡುತ್ತ ಕಾಲಿನ ಉಗುರು ಕತ್ತರಿಸುತ್ತಾನಂತೆ. ಮಗಳು ಇದನ್ನು ನಗುತ್ತ ಹೇಳಿದ್ದಳು. ಇವನಿಗೆ ಎರಡು ದಿನ ಊಟ ಸೇರಿರಲಿಲ್ಲ.

ಇಪ್ಪತ್ತಮೂರು ಭಾನುವಾರ ಮಗಳು ಸೇತುವೆ ದಾಟಿ ಹೋಗಿದ್ದಳು, ಇಪ್ಪತ್ತಮೂರು ಭಾನುವಾರ ಬಾಯಿ ತುಂಬ ಚಿಕ್ಕಪ್ಪನನ್ನು ತುಂಬಿಕೊಂಡು ಬಂದಿದ್ದಳು. ಚಿಕ್ಕಪ್ಪ ಹಾಗಂದ್ರು. ಚಿಕ್ಕಪ್ಪನಿಗೆ ಮೊದಲೇ ಅನುಮಾನ ಇತ್ತಂತೆ. ಇವನು ಸೋಲುತ್ತಿರಲಿಲ್ಲ. ನಾನು ಮೂರು ವಾರ ಮುಂಚೆಯೇ ನೋಡಿದೀನಿ, ನೀನು ಸರಿಯಾಗಿ ಗಮನಿಸಿದ್ಯೋ ಇಲ್ವೋ ಪರೀಕ್ಷೆ ಮಾಡ್ತೀನಿ ಎಂದು ಮೇಷ್ಟರಂತೆ ಕೂರುತ್ತಿದ್ದ. ದೋಣಿಯ ಬಣ್ಣ ಯಾವುದು? ಮುದುಕನ ಯಾವ ಕೈಗೆ ಬೆರಳಿಲ್ಲ? ಮಗಳು ಉತ್ತರ ಹೇಳಿದರೆ ಕಣ್ಣು ಮುಚ್ಚಿ ತಲೆಯಾಡಿಸಿ, ಭೇಷ್, ಎನ್ನುತ್ತಿದ್ದ. ಹೀಗೆ ಇಡೀ ಕಥೆಯನ್ನು ಅವಳಿಗೆ ಕಲಿಸಿದ್ದ.

ಕಲಿತವರು ಯಾರು ಎಂಬುದು ಅವನೊಬ್ಬನಿಗೆ ಗೊತ್ತಿತ್ತು.

“ಚಿಕ್ಕಪ್ಪ ಕಾಯ್ತಿರ್ತಾರೆ,” ಎಂದಳು ಮಗಳು.

“ಕಾಯ್ಲಿ. ಅವರಿಗೆ ಮೂರಕ್ಕೆ ಗೊತ್ತಾಗುತ್ತೆ. ನಿನಗೆ ಎರಡಕ್ಕೇ ಗೊತ್ತಾದರೆ?” ಟವೆಲಿನಿಂದ ಮುಖ ಒರೆಸಿಕೊಂಡ. “ಮುಖವಾಡ ತೆಗೆದ ಮೇಲೆ ಅವಳ ಮುಖ ಹೇಗಿದೆ ಅಂತ ಈ ಪ್ರಪಂಚದಲ್ಲಿ ಮೊದಲು ತಿಳಿಯೋದು ನಿನಗೆ.”

“ಹೇಳಬಾರದು ಅಂತ ಸಹಿ ಹಾಕಿದೀಯಲ್ಲ.”

“ನಿನಗೋಸ್ಕರ ಜೈಲಿಗೆ ಹೋಗ್ತೀನಿ ಬಿಡು. ಅಲ್ಲೂ ಅಡಿಬರಹ ಬರೀತೀನಿ.”

ಅವಳು ನೆಲದ ಮೇಲೆ ಕೂತು ಒಂದು ಬೂಟು ಬಿಚ್ಚಿದಳು. ಇನ್ನೊಂದನ್ನು ಬಿಚ್ಚಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಬರುವುದಿಲ್ಲವೆಂದು ಚಿಕ್ಕಪ್ಪನಿಗೆ ಸಂದೇಶ ಕಳಿಸಿದಳು. ಅವನು ಬಾಗಿ ಅವಳ ಬೂಟುಗಳನ್ನು ತಾನೇ ಎತ್ತಿ ಗೂಡಿಗೆ ಸೇರಿಸಿದ, ಗೆದ್ದ ಕೋಟೆಯ ಬೀಗದ ಕೈ ಎತ್ತಿಡುವವನಂತೆ.

ಐದು ನಿಮಿಷ, ಟಿಪ್ಪಣಿ ನೋಡಿಕೊಂಡು ಬರುತ್ತೇನೆಂದು ಕೆಲಸದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಕಂಪ್ಯೂಟರಿನಲ್ಲಿ ಇಪ್ಪತ್ತನಾಲ್ಕನೇ ಕಂತು ತೆರೆದ.

ಕಪ್ಪು.

ಪರದೆಯ ತುಂಬ ಕಪ್ಪು. ಅಡ್ಡಲಾಗಿ, ಕದ್ದರೆ ಸಿಕ್ಕಿಬೀಳಲೆಂದು, ಬೂದು ಅಕ್ಷರಗಳಲ್ಲಿ ಅವನದೇ ಹೆಸರು. ಯಾರಾದರೂ ಮಾತಾಡಿದಾಗ ಮಾತ್ರ ಆ ಕಪ್ಪಿನಲ್ಲಿ ನಾಣ್ಯದಷ್ಟು ಒಂದು ವೃತ್ತ ತೆರೆಯುತ್ತಿತ್ತು. ವೃತ್ತದೊಳಗೆ ಒಂದು ಬಾಯಿ. ಮಾತು ಮುಗಿದರೆ ವೃತ್ತ ಮುಚ್ಚುತ್ತಿತ್ತು. ಬಿಡುಗಡೆಗೆ ಮೊದಲು ಚಿತ್ರ ಸೋರಿಹೋಗಬಾರದೆಂದು ಕಂಪನಿ ಅಡಿಬರಹದವರಿಗೆ ಕೊಡುತ್ತಿದ್ದದ್ದು ಇಷ್ಟೇ: ತುಟಿ, ಧ್ವನಿ, ಸಮಯ. ಮೂರು ವರ್ಷದಲ್ಲಿ ಅವನು ಸಾವಿರಾರು ಬಾಯಿಗಳನ್ನು ಕಂಡಿದ್ದ. ಒಂದು ಮೂಗನ್ನೂ ಕಂಡಿರಲಿಲ್ಲ.

ಹೆಂಡತಿ ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿ. ಭಾನುವಾರವೂ ಕೆಲಸ, ಬರುವುದು ಆರಕ್ಕೆ. ಇಬ್ಬರ ಅನ್ನವೂ ಬಾಯಿಂದಲೇ ಎಂದು ಅವನು ಒಮ್ಮೆ ತಮಾಷೆ ಮಾಡಿದಾಗ ಅವಳು ತಟ್ಟೆಯಿಂದ ತಲೆ ಎತ್ತದೆ, ಬಾಯಿ ನೋಡಿ ನಾನು ಹಲ್ಲಿನ ಸುದ್ದಿ ಹೇಳಬಲ್ಲೆ, ಮನುಷ್ಯರ ಸುದ್ದಿ ಹೇಳೋಕಾಗಲ್ಲ ಅಂದಿದ್ದಳು. ಈ ಗುಟ್ಟು ಅವಳಿಗೆ ಗೊತ್ತೋ ಗೊತ್ತಿಲ್ಲವೋ ಎಂದು ಅವನು ವಿಚಾರಿಸಲು ಹೋಗಿರಲಿಲ್ಲ.

ಕೊನೆಯ ದೃಶ್ಯಕ್ಕೆ ಸರಿಸಿದ. ದೋಣಿ ಹುಡುಗಿಯ ಬಾಯಿ. ಮೇಲ್ದುಟಿ ತೆಳು, ಎಡ ಮೂಲೆಯಲ್ಲಿ ಸಣ್ಣ ಮಡಿಕೆ. ಈ ಮಡಿಕೆಯನ್ನು ಅವನಷ್ಟು ಬಲ್ಲವರು ಭೂಮಿಯ ಮೇಲೆ ಯಾರೂ ಇರಲಿಲ್ಲ. ಬರೆದ ಚಿತ್ರಗಾರನೂ ಇಷ್ಟು ಸಲ ನೋಡಿರಲಾರ. ಇನ್ನು ಸ್ವಲ್ಪ ಹೊತ್ತಿಗೆ ಆ ಮಡಿಕೆಯ ಮೇಲಿನ ಕೆನ್ನೆ, ಕೆನ್ನೆಯ ಮೇಲಿನ ಕಣ್ಣು, ಎಲ್ಲವೂ ನಲ್ಲಿ ಸಾಹುಕಾರನ ಪಾಲು. ಅವನು ಉಗುರು ಕತ್ತರಿಸುತ್ತ ತಲೆ ಎತ್ತಿದರೆ ಸಾಕು. ಕಟ್ಟಿಕೊಂಡ ಹೆಂಡತಿಯ ವಿಷಯದಲ್ಲೂ ಅವನಿಗೆ ಇಂಥ ಹೊಟ್ಟೆಕಿಚ್ಚು ಆಗಿರಲಿಲ್ಲ.

ಮುಖವಾಡ ದೋಣಿಯ ಮರಕ್ಕೆ ತಾಗಿದ ಸದ್ದು. ಬಾಯಿ ತೆರೆಯಿತು. ಕೆಳದುಟಿ ಎರಡು ಸಲ ಅದುರಿತು. ಒಡೆದ ಉಸಿರು, ಮತ್ತೆ ಒಡೆದ ಉಸಿರು. ವೃತ್ತ ಮುಚ್ಚಿತು. ಅಡಿಯಲ್ಲಿ ಮೂರು ವಾರದ ಹಿಂದೆ ಅವನೇ ಬರೆದು ಕಳಿಸಿದ್ದ ಸಾಲು: (ಅಳುತ್ತಾಳೆ).

ಎದ್ದು ಹೊರಗೆ ಬಂದ.

ಹಾಸಿಗೆಯ ಹೊದಿಕೆ ಎಳೆದು ನದಿ ಮಾಡಿದ. ಸ್ಟೂಲು ತಲೆಕೆಳಗಾಗಿ ದೋಣಿಯಾಯಿತು. ಹೇಳತೊಡಗಿದ. ಇಷ್ಟು ಚೆನ್ನಾಗಿ ಅವನು ಎಂದೂ ಹೇಳಿರಲಿಲ್ಲ. ನೀರಿನ ಮೇಲೆ ಏಳು ಬಣ್ಣದ ಮಂಜು ಎದ್ದಿತು. ಮುದುಕ ಎರಡೂ ದಡಕ್ಕೆ ಕೇಳುವಂತೆ ಕೊನೆಯುಸಿರೆಳೆದ. ದೋಣಿ ಹುಡುಗಿ ಮುಖವಾಡಕ್ಕೆ ಕೈ ಹಾಕಿದಾಗ ಮೀನುಗಳೂ ತಲೆ ಎತ್ತಿ ನಿಂತವು.

“ತೆಗೆದಳಾ?”

“ತೆಗೆದಳು.”

“ಹೇಗಿದಾಳೆ?”

ಅವನು ಎರಡೂ ಕೈ ಅಗಲಿಸಿದ. “ಹಸಿರು ಕಣ್ಣು. ಇಷ್ಟು ದೊಡ್ಡದು. ರೆಪ್ಪೆ ಬಡಿದರೆ ಗಾಳಿ ಬೀಸೋ ಅಷ್ಟು.”

“ಆಮೇಲೆ?”

“ಅತ್ತಳು. ನದಿ ಒಂದು ಗೇಣು ಏರಿತು. ಅಷ್ಟೇ. ಮುಗೀತು.”

ಮಗಳು ಸದ್ದಿಲ್ಲದೆ ಅತ್ತಳು. ಮುಖವಾಡ ಇನ್ನೂ ಹಣೆಯ ಮೇಲಿತ್ತು. ಕಣ್ಣು, ಮೂಗು, ಕೆನ್ನೆ, ಎಲ್ಲ ಒದ್ದೆ. ಅವನು ನೋಡುತ್ತ ನಿಂತ. ಇದು ನಲವತ್ತೊಂದನೆಯ ದೇಶ ಅನ್ನಿಸಿತು. ಅವಳ ತಲೆ ಸವರಬೇಕೆಂದು ಹೊಳೆದದ್ದು ಆಮೇಲೆ.

ಮೂರೂವರೆಗೆ ಫೋನು ಬಂತು. ಮಗಳೇ ಎತ್ತಿದಳು, ಸ್ಪೀಕರಿನಲ್ಲಿಟ್ಟಳು.

ಷಡ್ಡಕನಿಗೆ ಕೋಪವಿರಲಿಲ್ಲ. ಬರಲಿಲ್ಲವಲ್ಲ ಪುಟ್ಟಿ, ನಿನ್ನ ಜಾಗ ಖಾಲಿ ಇಟ್ಟುಕೊಂಡೇ ನೋಡಿದೆ ಅಂದ. ಅಪ್ಪ ಆಗಲೇ ಎಲ್ಲ ಹೇಳಿದರೆಂದು ಮಗಳು ಹೆಮ್ಮೆಯಿಂದ ತಿಳಿಸಿದಳು. ಕೊನೆಯಲ್ಲಿ ನನಗೂ ಅಳು ಬಂತು ಎಂದಳು.

ಆ ಕಡೆ ಟೀವಿಯ ಸದ್ದು ತಗ್ಗಿತು.

“ಅಣ್ಣ ಇದ್ದಾರಾ ಅಲ್ಲಿ? ಅಣ್ಣಾ, ತಪ್ಪು ತಿಳ್ಕೋಬೇಡಿ. ಅಡಿಬರಹದಲ್ಲಿ ಎಲ್ಲೋ ಒಂದು ಸಣ್ಣ ತಪ್ಪಾಗಿದೆ ಅನ್ಸುತ್ತೆ. ಕೊನೇಲಿ ಅವಳು ಮುಖವಾಡ ತೆಗೆದು ನಗ್ತಾಳೆ. ಕೆಳಗಡೆ ಅಳುತ್ತಾಳೆ ಅಂತ ಬಂತು.”

“ಅದು ಆನಂದಬಾಷ್ಪ,” ಎಂದ ಅವನು ತಕ್ಷಣ. “ಸೂಕ್ಷ್ಮ ಇದೆ ಅದರಲ್ಲಿ.”

“ಕಣ್ಣೀರೇ ಇಲ್ಲ ಅಣ್ಣಾ. ಹೊಟ್ಟೆ ಹಿಡ್ಕೊಂಡು ನಗ್ತಾಳೆ. ಮುದುಕನೂ ನಗ್ತಾನೆ.”

“ಮುದುಕ ಸತ್ತುಹೋದನಲ್ಲ?” ಎಂದಳು ಮಗಳು.

“ಯಾರಂದ್ರು?”

ಮಗಳು ಅವನತ್ತ ತಿರುಗಿದಳು. ಅಡ್ಡ ಹಾಕಿದ್ದ ಹೊದಿಕೆಯ ನದಿ ಇಬ್ಬರ ನಡುವೆ ಮುದ್ದೆಯಾಗಿ ಬಿದ್ದಿತ್ತು. ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು: ಕಂಪನಿಯವರು ಕೊನೇ ಗಳಿಗೆಯಲ್ಲಿ ಕಥೆ ಬದಲಾಯಿಸಿದರು. ಮಗಳು ನಂಬುತ್ತಿದ್ದಳು. ನಂಬಲು ಸಿದ್ಧವಾಗಿಯೇ ನಿಂತಿದ್ದಳು. ಅದನ್ನು ನೋಡಿ ಸುಳ್ಳು ಹಿಂದಕ್ಕೆ ಹೋಯಿತು.

“ನಾನು ನೋಡಿಲ್ಲ,” ಎಂದ.

“ಕೊನೇದಾ?”

“ಯಾವುದನ್ನೂ ನೋಡಿಲ್ಲ. ನನಗೆ ಬಾಯಿ ಮಾತ್ರ ಕೊಡ್ತಾರೆ.”

ಫೋನಿನಲ್ಲಿ ಷಡ್ಡಕನೇ ಮಾತು ತೆಗೆದ. “ಅದಕ್ಕೇನಂತೆ ಅಣ್ಣಾ. ಮುಂದಿನ ಭಾನುವಾರ ನೀವೂ ಬನ್ನಿ. ಮೊದಲಿಂದ ಹಾಕ್ತೀನಿ.”

ಬೈದಿದ್ದರೆ ತಡೆಯಬಹುದಿತ್ತು. ಅವನು ಫೋನಿನ ಹತ್ತಿರ ಬಗ್ಗಿದ. ಕೇಳಬಾರದೆಂದು ಗೊತ್ತಿದ್ದೂ ಕೇಳಿದ.

“ಅವಳ ಕಣ್ಣು ಯಾವ ಬಣ್ಣ?”

“ಕಣ್ಣಾ?” ಷಡ್ಡಕ ಯೋಚಿಸಿದ. “ನಗೋವಾಗ ಮುಚ್ಕೊಂಡಿದ್ಳು. ಆಮೇಲೆ ತೆರೆದ್ಳೇನೋ. ಅಷ್ಟರಲ್ಲಿ ಒಬ್ಬ ಗಿರಾಕಿ ಫೋನ್ ಮಾಡಿದ, ಶವರ್ ಸೋರ್ತಿದೆ ಅಂತ. ಗಮನಿಸಲಿಲ್ಲ ಅಣ್ಣಾ.”

ನೋಡೋಣ ಎಂದಷ್ಟೇ ಹೇಳಿ ಫೋನು ಇಟ್ಟ. ಪೂರ್ತಿ ಮುಖ ಸಿಕ್ಕಿದವನು ಗಮನಿಸಿರಲಿಲ್ಲ. ನಗು ಬರಬೇಕಿತ್ತು. ಹೊಟ್ಟೆಕಿಚ್ಚು ಮಾತ್ರ ಹಾಗೇ ಇತ್ತು.

“ತೋರಿಸು,” ಎಂದಳು ಮಗಳು.

ಹದಿನೆಂಟು ಪುಟಗಳು ಒಮ್ಮೆ ಕಣ್ಮುಂದೆ ಬಂದವು. ಕೋಣೆಯ ಬಾಗಿಲು ತೆರೆದ. ಅವಳು ಅವನ ಕುರ್ಚಿಯಲ್ಲಿ ಕೂತಳು. ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಕಪ್ಪು ಪರದೆ. ಅವನ ಹೆಸರು. ವೃತ್ತ ತೆರೆಯಿತು, ಬಾಯಿ ಅದುರಿತು, ವೃತ್ತ ಮುಚ್ಚಿತು. ಅವಳು ಮತ್ತೊಮ್ಮೆ ಹಾಕಿಸಿದಳು. ಮೂರನೇ ಸಲ ಅವಳು ನೋಡುತ್ತಿದ್ದದ್ದು ಪರದೆಯನ್ನಲ್ಲ, ಪರದೆ ನೋಡುತ್ತಿದ್ದ ಅವನನ್ನು.

“ಇಷ್ಟೇನಾ?”

“ಇಷ್ಟೇ.”

“ಮೂರು ವರ್ಷದಿಂದ?”

ಅವನು ತಲೆಯಾಡಿಸಿದ. ಈ ಸಲ ಕಣ್ಣು ಮುಚ್ಚಲಿಲ್ಲ.

ಅವಳು ಕುರ್ಚಿಯನ್ನು ಅವನತ್ತ ತಿರುಗಿಸಿಕೊಂಡು ಹಣೆಯ ಮೇಲಿದ್ದ ರಟ್ಟಿನ ಮುಖವಾಡವನ್ನು ಕೆಳಕ್ಕೆ ಎಳೆದುಕೊಂಡಳು. ಸೀಳುಗಳ ಹಿಂದೆ ಕತ್ತಲು. ಕೆಳಗೆ ಬಾಯಿ ಮಾತ್ರ ಉಳಿಯಿತು. ಎಡ ಮೂಲೆಯಲ್ಲಿ ಒಂದು ಮಡಿಕೆ ಇತ್ತು. ಹನ್ನೊಂದು ವರ್ಷದಲ್ಲಿ ಅದನ್ನು ಅವನು ಕಂಡಿರಲಿಲ್ಲ.

ತುಟಿ ತೆರೆಯಿತು. ಕೆಳದುಟಿ ಅದುರಿತು. ಭುಜ ಅಲುಗಿತು. ಒಡೆದ ಉಸಿರು, ಮತ್ತೆ ಒಡೆದ ಉಸಿರು.

ಅವನು ಕುರ್ಚಿಯ ಮುಂದೆ ಮಂಡಿಯೂರಿ ಆ ಬಾಯಿಯನ್ನೇ ನೋಡಿದ. ನಲವತ್ತು ದೇಶಗಳನ್ನು ಅಳಿಸಿದವನು, ನಗಿಸಿದವನು.

“ಬರಿ ಅಪ್ಪ,” ಎಂದಿತು ಬಾಯಿ. “ನಾನೀಗ ಏನು ಮಾಡ್ತಿದೀನಿ?”

“ಗೊತ್ತಾಗ್ತಿಲ್ಲ ಮಗಳೇ.”

ಅವಳ ಬೆನ್ನ ಹಿಂದೆ ಪರದೆ ಕಪ್ಪಾಗಿಯೇ ಇತ್ತು. ಅಡಿಯಲ್ಲಿ, ಅವಳ ಮೊಣಕೈ ಕೀಬೋರ್ಡಿನ ಯಾವುದೋ ಕೀಲಿಗೆ ತಾಗಿ ಅಕ್ಷರಗಳು ಅಳಿಸಿಹೋಗಿ, ಎರಡು ಕಂಸಗಳು ಎದುರುಬದುರು ಉಳಿದಿದ್ದವು. ನಡುವೆ ಖಾಲಿ ಜಾಗದಲ್ಲಿ ಒಂದು ಗೆರೆ ಮಿನುಗಿ ಆರುತ್ತಿತ್ತು.