ಎಡ ಹೆಗಲಿನ ಹತ್ತಿ

ಮಗನ ಪ್ರತಿಮೆಯ ಮುಂದೆ ನಿಂತು ಹೆತ್ತ ತಾಯಿಯೇ "ಇವನ್ಯಾರು?" ಎಂದು ಕೇಳಿದರೆ ಯಾರಿಗೆ ತಾನೇ ಎದೆ ಝಲ್ ಅನ್ನುವುದಿಲ್ಲ? ಶಿಲ್ಪಿಯ ಶೆಡ್ಡಿನಲ್ಲಿ ಆವತ್ತು ಆದದ್ದು ಅದೇ. ಯುದ್ಧದಲ್ಲಿ ಸತ್ತ ಹುಡುಗನನ್ನು ಮಣ್ಣಿನಲ್ಲಿ ಮಾಡಿ ಮುಗಿಸಿದ್ದರು. ತಾಯಿ ಹೂಂ ಎಂದರೆ ಮರುದಿನ ಲೋಹದ ಎರಕ. ಆಕೆ ಸುತ್ತ ಎರಡು ಸಲ ನಡೆದಳು, "ಇವನು ನನ್ನ ಮಗ ಅಲ್ಲ" ಎಂದವಳೇ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತುಬಿಟ್ಟಳು.

ಸ್ಮಾರಕ ಸಮಿತಿಯ ಅಧ್ಯಕ್ಷರು, ಅಂದರೆ ಮರದ ಡಿಪೋ ಮಾಲೀಕರು, ಹಣೆ ಚಚ್ಚಿಕೊಂಡರು. "ಮೂಗು ಅವನದೇ, ಗದ್ದ ಅವನದೇ. ಇನ್ನೇನ್ರೀ ಬೇಕು? ಪಾಪ, ದುಃಖಕ್ಕೆ ಆಯಮ್ಮನ ತಲೆ ನೆಟ್ಟಗಿಲ್ಲ. ನಾಳೆ ಎರಕ ಹೊಯ್ಸಿಬಿಡೋಣ."

ತಲೆ ನೆಟ್ಟಗಿಲ್ಲವಂತೆ! ಮೂಲೆಯಲ್ಲಿದ್ದ ಟೈಲರ್‌ಗೆ ಮೈಯೆಲ್ಲ ಉರಿದುಹೋಯಿತು. ಆಕೆ ಅವನ ಒಡಹುಟ್ಟಿದ ಅಕ್ಕ. ಶವದ ಪೆಟ್ಟಿಗೆ ಬಂದಾಗ ಮುಚ್ಚಳ ತೆಗೆಯಬೇಡಿ ಎಂದು ಸೈನ್ಯದವರು ಕೈ ಮುಗಿದಿದ್ದರು, ಮುಖ ತೋರಿಸಿರಲಿಲ್ಲ. ಮಗನನ್ನು ಇನ್ನೊಂದು ಸಲ ನೋಡಬೇಕೆಂದರೆ ಅಕ್ಕನಿಗೆ ಉಳಿದದ್ದು ಈ ಮಣ್ಣೊಂದೇ. ಅದರಲ್ಲೂ ಅವನು ಸಿಗಲಿಲ್ಲ. ಯಾಕೆ ಎನ್ನುವುದು ಟೈಲರ್‌ಗೆ ಒಳಗೆ ಕಾಲಿಟ್ಟಾಗಲೇ ಗೊತ್ತಾಗಿತ್ತು. ತಪ್ಪು ಶಿಲ್ಪಿಯದಲ್ಲ, ತನ್ನದು.

ಹುಡುಗನ ಎಡ ಹೆಗಲು ಹುಟ್ಟಿನಿಂದಲೇ ಅರ್ಧ ಇಂಚು ಕೆಳಗೆ. ಮನೆಯಲ್ಲಿ ಬನಿಯನ್ನಿನಲ್ಲಿ ಓಡಾಡುವಾಗ ಅಕ್ಕ "ನೆಟ್ಟಗೆ ನಿಲ್ಲೋ!" ಎಂದು ಆ ಹೆಗಲಿಗೊಂದು ತಟ್ಟುವಳು. ಶಾಲೆಯಲ್ಲಿ ಅವನಿಗೆ 'ಸೊಟ್ಟ' ಎಂದೇ ಹೆಸರು. ಒಂದು ಸಂಜೆ ಅವನು ಅಂಗಡಿಗೆ ಬಂದು, ಇಸ್ತ್ರಿ ಮೇಜಿನ ಕೆಳಗೆ ಕೂತು ಬಿಕ್ಕಿ ಬಿಕ್ಕಿ ಅತ್ತಿದ್ದ. ಸೋದರಮಾವನ ಕರುಳು ಚುರುಕ್ ಎಂದಿತು. ಅಂದಿನಿಂದ ಅವನ ಪ್ರತಿ ಅಂಗಿಯ ಎಡ ಹೆಗಲಿನ ಒಳಗೆ, ಅಸ್ತರಿನ ಕೆಳಗೆ, ತೆಳ್ಳಗೆ ಒಂದು ಪದರ ಹತ್ತಿ. ನರಪಿಳ್ಳೆಗೂ ತಿಳಿಯಲಿಲ್ಲ. ಆರು ತಿಂಗಳಲ್ಲಿ ಆ ಹಾಳು ಹೆಸರು ತಾನಾಗಿಯೇ ಬಿದ್ದುಹೋಯಿತು.

ಸೈನ್ಯದ ಡಾಕ್ಟರು ಕೂಡ ಆ ಅರ್ಧ ಇಂಚಿಗೆ ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ರಜೆಗೆ ಬಂದವನು ಸಮವಸ್ತ್ರದ ಮೇಲಂಗಿ ಬಿಚ್ಚಿ ಹೊಲಿಗೆ ಮಿಷನ್ನಿನ ಮೇಲಿಟ್ಟಿದ್ದ. "ಮಾಮ, ಫೋಟೋ ತೆಗೆಸ್ಬೇಕು. ನಿನ್ನ ಕೈಚಳಕ ಸ್ವಲ್ಪ ತೋರ್ಸು." ಮಾವನೂ ಖುಷಿಯಿಂದ ತೋರಿಸಿದ್ದ. ಅದೇ ಕೊನೆಯ ರಜೆ. ಶಿಲ್ಪಿ ಗೋಡೆಗೆ ಅಂಟಿಸಿಕೊಂಡು ಕೆಲಸ ಮಾಡಿದ್ದು ಆ ಫೋಟೋ ನೋಡಿಯೇ.

ಟೈಲರ್ ಮೂಲೆಯಿಂದ ಮುಂದೆ ಬಂದ. "ಎಡ ಹೆಗಲು ಅರ್ಧ ಇಂಚು ಇಳಿಸಿ."

"ಏನ್ರೀ ಇದು!" ಅಧ್ಯಕ್ಷರು ಹೌಹಾರಿದರು. "ಸೊಟ್ಟ ನಿಂತಿರೋ ಸೈನಿಕನ್ನ ನೋಡಿ ಊರು ನಗಲ್ವಾ?"

"ನಗೋರು ಅವನು ಚಿಕ್ಕೋನಿದ್ದಾಗ್ಲೇ ನಕ್ಕಾಯ್ತು ಸ್ವಾಮಿ. ಅದಕ್ಕೇ ಹತ್ತಿ ತುಂಬಿ ಮುಚ್ಚಿಟ್ಟೆ, ಆ ಫೋಟೋದಲ್ಲೂ ಮುಚ್ಚಿಟ್ಟೆ. ನನ್ನಕ್ಕನ ತಲೆ ನೆಟ್ಟಗೇ ಇದೆ. ಪೆಟ್ಟಿಗೇಲಂತೂ ತೋರಿಸ್ಲಿಲ್ಲ, ಇಲ್ಲಾದ್ರೂ ಅವಳ ಮಗನ್ನ ಅವಳಿಗೆ ತೋರಿಸಿ."

ಶಿಲ್ಪಿ ಮಣ್ಣಿಗೆ ನೀರು ಚಿಮುಕಿಸಿ ಮರದ ಚಾಕು ಎತ್ತಿಕೊಂಡ. ಟೈಲರ್ ಕೊರಳಲ್ಲಿದ್ದ ಟೇಪು ತೆಗೆದು ಎರಡೆರಡು ಸಲ ಅಳತೆ ಹಿಡಿದ. ಜೀವಮಾನದಲ್ಲಿ ಅಷ್ಟು ನಿಧಾನವಾಗಿ ಅಳತೆ ತೆಗೆದವನಲ್ಲ ಅವನು. ಹೆಗಲು ಸರಿಯಾಗಿ ಅರ್ಧ ಇಂಚು ಇಳಿದ ಮೇಲೆ ಹೊರಗೆ ಹೋಗಿ, "ಬಾ ಅಕ್ಕ, ಇನ್ನೊಂದ್ಸಲ ನೋಡು" ಎಂದು ಕೈ ಹಿಡಿದು ಕರೆತಂದ.

ಅಕ್ಕ ಬಾಗಿಲಲ್ಲೇ ನಿಂತಳು. ನಂತರ ಸರಸರನೆ ಹೋಗಿ ಆ ಎಡ ಹೆಗಲಿಗೆ ಒಂದು ತಟ್ಟಿದಳು.

"ನೆಟ್ಟಗೆ ನಿಲ್ಲೋ! ಎಷ್ಟು ಸಲ ಹೇಳ್ಬೇಕು ನಿಂಗೆ?"

ಪೆಟ್ಟಿಗೆ ಬಂದ ದಿನವೂ ಅಳದಿದ್ದವಳು ಹಸಿ ಮಣ್ಣನ್ನು ತಬ್ಬಿಕೊಂಡು ಗೋಳೋ ಎಂದು ಅತ್ತಳು. ಹೆಗಲ ಮೇಲೆ ಅವಳ ನಾಲ್ಕು ಬೆರಳಿನ ಗುರುತು ಮೂಡಿತ್ತು. ಅದನ್ನು ಸವರಿಬಿಡಲು ಶಿಲ್ಪಿ ಒದ್ದೆ ಬಟ್ಟೆ ಹಿಡಿದು ಮುಂದೆ ಬಂದ.

"ಇರ್ಲಿ ಬಿಡ್ರೀ," ಎಂದರು ಅಧ್ಯಕ್ಷರು, ಮುಖ ಆಚೆ ತಿರುಗಿಸಿಕೊಂಡು. "ಹಾಗೇ ಎರಕ ಹೊಯ್ರಿ."