ಹೊಂಡದ ಹತ್ತಿರದ ಪ್ರಯೋಗಾಲಯ

ಪರಿಸರ ವಿಜ್ಞಾನದ ಟೀಚರಿಗೆ ಶಾಲೆಯವರೆಲ್ಲ ಇಟ್ಟಿದ್ದ ಹೆಸರು ಕಪ್ಪೆ ಮೇಡಂ. ಶಾಲೆಯ ಹಿಂದಿನ ಹೊಂಡದಲ್ಲಿ ಮೊಣಕಾಲುದ್ದ ನೀರಿಗಿಳಿದು ಪಾಠ ಮಾಡುವ ಹೆಂಗಸಿಗೆ ಬೇರೆ ಯಾವ ಹೆಸರು ಬಂದೀತು! ಹಿರಿಯ ತರಗತಿಯವರಿಗೆ ಆಯ್ಕೆಯ ವಿಷಯಗಳು ಎರಡು: ಇಂಧನ, ಇಲ್ಲವೇ ಸಿಹಿನೀರಿನ ಜೀವಿಗಳು. ಎರಡನೆಯದಕ್ಕೆ ಪ್ರಯೋಗಾಲಯವಿಲ್ಲವೆಂದು ಮಕ್ಕಳೆಲ್ಲ ಇಂಧನಕ್ಕೇ ಹೋಗುತ್ತಿದ್ದರು. ಮೇಡಂ ವರ್ಷಗಟ್ಟಲೆ ಹೆಡ್‌ಮಾಸ್ಟರ ತಲೆ ತಿಂದರು. "ಹೊಂಡಕ್ಕೆ ಎಷ್ಟು ಹತ್ರ ಆಗುತ್ತೋ ಅಷ್ಟು ಹತ್ರ ಕಟ್ಟಿಸ್ಕೊಡಿ ಸಾರ್" ಎಂದು ಅಂಗಲಾಚಿದರು.

ಕೊನೆಗೂ ಮಂಜೂರಾಯಿತು. ರಜೆ ಮುಗಿಸಿ ಬಂದರೆ ಪ್ರಯೋಗಾಲಯ ಎದ್ದು ನಿಂತಿತ್ತು. ಹೊಂಡ ಇರಲಿಲ್ಲ.

"ಹೊಂಡ ಏನಾಯ್ತು ಸಾರ್?"

"ಪಕ್ಕದಲ್ಲಿ ಜಾಗ ಎಲ್ಲಿತ್ತು ಮೇಡಂ? ಮಣ್ಣು ತುಂಬ್ಸಿ ಅದರ ಮೇಲೇ ಕಟ್ಟಿಸ್ಬಿಟ್ಟೆ. ಇದಕ್ಕಿಂತ ಹತ್ರ ಆಗುತ್ತೇನ್ರೀ?" ಎಂದ ಹೆಡ್‌ಮಾಸ್ಟರು ಹೊಗಳಿಕೆಗಾಗಿ ಕಾದು ನಿಂತರು.

ಮೇಡಂ ಬಾಯಿಗೆ ಬಂದದ್ದನ್ನು ನುಂಗಿಕೊಂಡರು. ಹತ್ತಿರ ಬೇಕೆಂದು ಅಂಗಲಾಚಿದ್ದೂ ಅದೇ ಹಾಳು ಬಾಯಿ.

ಆ ವರ್ಷ ಸಿಹಿನೀರಿನ ಆಯ್ಕೆಗೆ ಮಕ್ಕಳು ಮುಗಿಬಿದ್ದರು. ಮೇಜಿಗೊಂದು ಹೊಸ ಸೂಕ್ಷ್ಮದರ್ಶಕ, ಫಳಫಳ ಹೊಳೆಯುವ ನಲ್ಲಿಗಳು, ಯಾರಿಗೆ ಬೇಡ? ಮೊದಲ ದಿನ ಮುಂದಿನ ಬೆಂಚಿನ ಹುಡುಗಿ ನಲ್ಲಿ ನೀರಿನ ಹನಿಯೊಂದನ್ನು ಗಾಜಿನ ಮೇಲಿಟ್ಟು, ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು.

"ಮೇಡಂ, ಇದ್ರಲ್ಲಿ ಏನೂ ಓಡಾಡ್ತಾನೇ ಇಲ್ಲ."

"ಓಡಾಡೋವೆಲ್ಲ ನಿನ್ನ ಕಾಲ ಕೆಳಗಿವೆ ಕಣಮ್ಮಾ" ಎಂದರು ಕಪ್ಪೆ ಮೇಡಂ. "ಬರ್ಕೋ."