ಹೊಳೆಯಾಚೆಯ ವೈದ್ಯ

ಆ ವರ್ಷ ತೆಲುಗು ಕಾದಂಬರಿಗಳೆಲ್ಲ ಚಂದ್ರನ ಮೇಲೆ ಹೋಗಿ ಕೂತಿದ್ದವು. ಮದ್ರಾಸಿನಲ್ಲಿ ಅಚ್ಚಾಗಿ, ಬಿಡಿ ಹಾಳೆಗಳ ಕಟ್ಟಾಗಿ ರೈಲಿನಲ್ಲಿ ಬಂದು, ಬಳ್ಳಾರಿಯ ಕೌಲಬಜಾರಿನಲ್ಲಿ ಶಾಬುದ್ದೀನನ ಕೈಗೆ ಬೀಳುತ್ತಿದ್ದವು. ಅವನು ಪುಸ್ತಕಕ್ಕೆ ರಟ್ಟು ಕಟ್ಟುವವನು. ಹೊಲಿಯುವುದಕ್ಕೆ ಮೊದಲು ಓದಿ ಮುಗಿಸುವುದು ಅವನ ಚಟ. ಒಂದರಲ್ಲಿ ಗಾಳಿಯ ಮೇಲೆ ತೇಲುವ ಹಡಗು, ಇನ್ನೊಂದರಲ್ಲಿ ಲೆಕ್ಕ ಮಾಡುವ ಕಬ್ಬಿಣದ ಗೊಂಬೆ, ಮತ್ತೊಂದರಲ್ಲಿ ಸೂರ್ಯ ಮುಳುಗದ ಪಟ್ಟಣ.

“ಎಲ್ಲಾ ಚಲೋ ಬರದಾರ,” ಎಂದು ಹೆಂಡತಿ ರಹೀಮಾಬಿಯ ಮುಂದೆ ತೀರ್ಪು ಕೊಡುತ್ತಿದ್ದ. “ಆದ್ರ ಚಂದ್ರಲೋಕಕ್ಕ ಹೋದ್ರೂ ಇವರಿಗೆ ನೀರು ಹೊರಾಕ ಒಬ್ಬಾಕಿ ಬೇಕಂತ. ಮಾತಾಡೋ ಗೊಂಬಿ ಹೊಳೀತು, ನೀರು ತರೋ ಗೊಂಬಿ ಯಾವನಿಗೂ ಹೊಳೀಲಿಲ್ಲ ನೋಡು.”

“ನಿಮಗ ಹೊಳೀತಲ್ಲ. ಬಿಂದಿಗಿ ತಗೊಂಡು ಏಳ್ರಿ.”

ಸಂಜೆ ಅರಳೆ ಗಿರಣಿ ಬಿಟ್ಟ ಮೇಲೆ ಹೆಂಗಸರು ಅವನ ಮನೆಯ ಕಟ್ಟೆಗೆ ಬಂದು ಕೂಡುತ್ತಿದ್ದರು. ಕೂದಲಲ್ಲಿ ಹತ್ತಿಯ ಧೂಳು, ಎದೆಯಲ್ಲಿ ಹತ್ತಿಯ ಕೆಮ್ಮು. ಶಾಬುದ್ದೀನ್ ಚಿಕ್ಕಂದಿನಲ್ಲಿ ಕುರುಗೋಡಿನ ಕಟ್ಟೆಯ ಮೇಲೆ ಪುರಾಣ ಕೇಳಿ ಓದು ಕಲಿತವನು. ಹಾಗಾಗಿ ಕಾದಂಬರಿಯನ್ನೂ ಪುರಾಣದ ಹಾಗೆಯೇ ಓದುತ್ತಿದ್ದ. ಪುಸ್ತಕವನ್ನು ವ್ಯಾಸಪೀಠದ ಮೇಲಿಟ್ಟು, ದೀಪ ಹಚ್ಚಿ, ತೆಲುಗನ್ನು ಬಾಯಲ್ಲೇ ಕನ್ನಡ ಮಾಡಿ, ತುಣುಕು ತುಣುಕಿಗೆ ನಿಲ್ಲಿಸಿ ಅರ್ಥ ಹೇಳುವುದು. ಅರ್ಥ ಹೇಳುವವನಿಗೆ ಈ ಸೀಮೆಯಲ್ಲಿ ಒಂದು ವಾಡಿಕೆಯಿದೆ: ಕಥೆಯನ್ನು ಊರ ಹತ್ತಿರಕ್ಕೆ ತರಬೇಕು. ವನವಾಸಕ್ಕೆ ಬಂದ ದೇವರು ಉಂಡ ಬಂಡೆ ಇಗೋ ಇದು, ಬಾಯಾರಿ ನೀರು ಕುಡಿದ ಹಳ್ಳ ಅಗೋ ಅದು. ಬೊಟ್ಟು ಮಾಡಿ ತೋರಿಸದಿದ್ದರೆ ಕೇಳುವವರು ಒಪ್ಪುವುದಿಲ್ಲ.

ಹೊಸದಾಗಿ ಬಂದಿದ್ದ ಕಾದಂಬರಿಯಲ್ಲಿ ಒಂದು ಯಂತ್ರಪಟ್ಟಣವಿತ್ತು. ಅಲ್ಲೊಬ್ಬ ವೈದ್ಯ. ಚಕ್ರಕ್ಕೆ ಸಿಕ್ಕು ಕಡಿದುಹೋದ ಕೈಕಾಲನ್ನು ತಾಮ್ರದ ಕೊಪ್ಪರಿಗೆಯಲ್ಲಿಟ್ಟು, ಮುಗಿಲಿನ ಮಿಂಚನ್ನು ತಂತಿಯಲ್ಲಿ ಇಳಿಸಿ ಕೂಡಿಸುತ್ತಿದ್ದ. ಅದನ್ನು ಕೇಳಿದ ಸಂಜೆ ಕಟ್ಟೆಯ ಮೇಲೆ ಯಾರೂ ಕೆಮ್ಮಲಿಲ್ಲ.

“ಎಲ್ಲಿ ಬರ್ತೈತಿ ಸಾಬಣ್ಣ, ಆ ಊರು?” ಎಂದು ಹಂಪಮ್ಮ ಕೇಳಿದಳು. ಗಿರಣಿಯಲ್ಲಿ ಹತ್ತಿಯನ್ನು ಬೀಜ ಬಿಡಿಸುವ ಉರುಳೆಯ ಬಾಯಿಗೆ ಒಡ್ಡುವ ಕೆಲಸ ಅವಳದು.

ಪುಸ್ತಕದಲ್ಲಿ ಬರೀ ಉತ್ತರ ದಿಕ್ಕು ಎಂದಿತ್ತು. ಶಾಬುದ್ದೀನ್ ಕೈ ಚಾಚಿ ತೋರಿಸಿದ. “ಹಿಂಗ ಕುರುಗೋಡು ಹಾದು, ಸಿರುಗುಪ್ಪ ದಾಟಿ, ಹೊಳಿ ಆಚಿ ಕಡಿ ಅಂತ ತಿಳೀರಿ.”

ತಿಳಿದರು.

ಕಟ್ಟೆಯ ಮೇಲಿನ ಓದು ಇನ್ನೂ ಅರ್ಧ ಉಳಿದಿರುವಾಗಲೇ, ಒಂದು ಮುಂಜಾನೆ ಉರುಳೆ ಹಂಪಮ್ಮನ ಬಲಗೈಯನ್ನು ಎಳೆದುಕೊಂಡಿತು. ಮಣಿಕಟ್ಟಿನವರೆಗೆ ಹೋಯಿತು. ಮೇಸ್ತ್ರಿ ಎಣ್ಣೆಬಟ್ಟೆ ಸುತ್ತಿ ಬಿಗಿದು ಗೇಟಿನ ಹೊರಗೆ ಬಿಟ್ಟ. ಒಳಗೆ ಇಂಜಿನ್ನು ನಿಂತದ್ದು ಒಂದು ಎಲೆಯಡಿಕೆ ಹಾಕುವಷ್ಟು ಹೊತ್ತು. ಗಿರಣಿಯ ಅಂಗಳದಲ್ಲಿ ಕಸ ಆರಿಸುವ ಅವಳ ಅಕ್ಕ ಪಾರಮ್ಮ ಕಡಿದ ಕೈಯನ್ನು ಬೇವಿನೆಲೆಯಲ್ಲಿಟ್ಟು ಒದ್ದೆ ಬಟ್ಟೆಯಲ್ಲಿ ಕಟ್ಟಿಕೊಂಡಳು. ಸರ್ಕಾರಿ ಆಸ್ಪತ್ರೆ ಅಲ್ಲೇ ಕೂಗಳತೆಯಲ್ಲಿತ್ತು. ಅಕ್ಕತಂಗಿಯರು ಅದರ ಮುಂದೆಯೇ ಹಾದು ಶಾಬುದ್ದೀನನ ಮನೆಗೆ ಬಂದರು.

ಅವನು ಕಟ್ಟಿದ ಪುಸ್ತಕ ಕೊಡಲು ಹೋಗಿದ್ದ. ಮಧ್ಯಾಹ್ನ ಮರಳಿ ಬಂದಾಗ ರಹೀಮಾಬಿ ಬಾಗಿಲಲ್ಲೇ ನಿಂತಿದ್ದಳು.

“ಹಂಪಮ್ಮನ ಕೈ ಉರುಳ್ಯಾಗ ಕಡದು ಹೋಗೈತಿ. ಹೊಳಿ ಆಚಿ ಯಾವ ಊರು ಅಂತ ಕೇಳಿದ್ರು ರೀ. ನನಗೇನು ಗೊತ್ತು? ನೀವು ಹೇಳಿದ್ದ ಹೇಳಿದೆ. ಜೋಗಪ್ಪನ ಬಂಡಿ ಮಾಡಿಕೊಂಡು ಹೋದ್ರು.”

“ಕೈ ಕಡದಾಕಿನ್ನ ಬಂಡ್ಯಾಗ ಸಿರುಗುಪ್ಪಕ್ಕ ಕಳಿಸಿದೇನ!”

“ನಾ ಎಲ್ಲಿ ಕಳಿಸಿದೆ? ಕಳಿಸಿದವರು ಯಾರು?”

ಅವನು ಬೀದಿಗೆ ಓಡಿದ. ಸಿಕ್ಕ ಜಟಕಾ ಹತ್ತಿದ. ರಕ್ತ ಬಸಿದುಹೋಗುವ ಮೊದಲು, ಗಾಯ ಕೆಡುವ ಮೊದಲು ಅವಳನ್ನು ಆಸ್ಪತ್ರೆಗೆ ತಿರುಗಿಸಬೇಕಿತ್ತು. ದಾರಿಯುದ್ದಕ್ಕೂ ಆ ಕಾದಂಬರಿಕಾರನನ್ನು ಬೈದ. ಸಿರುಗುಪ್ಪ ಎಂಬ ಹೆಸರನ್ನು ಆ ಮನುಷ್ಯ ಬರೆದಿರಲಿಲ್ಲ ಎಂಬುದು ನೆನಪಾದಾಗ ಬೈಗುಳ ಬಾಯಲ್ಲೇ ನಿಂತಿತು.

ಕುರುಗೋಡು ದಾಟಿದ ಮೇಲೆ, ಹಳ್ಳದ ದಂಡೆಯಲ್ಲಿ ಜೋಗಪ್ಪ ಎತ್ತುಗಳಿಗೆ ನೀರು ಕುಡಿಸುತ್ತಿದ್ದ. ಬಂಡಿಯೊಳಗಿನ ಹುಲ್ಲು ಕೆಂಪಾಗಿತ್ತು. ಪಾರಮ್ಮನ ತೊಡೆಯ ಮೇಲೆ ಹಂಪಮ್ಮನ ತಲೆ.

“ಬಂದ ನೋಡು ಸಾಬಣ್ಣ,” ಎಂದು ಪಾರಮ್ಮ ತಂಗಿಯ ಕೆನ್ನೆ ತಟ್ಟಿದಳು. “ದಾರಿ ತೋರಸಾಕ ಬಂದಾನ.”

“ದಾರಿ ಇಲ್ಲವ್ವ. ಅಂಥಾ ಊರ ಇಲ್ಲ. ಜೋಗಪ್ಪ, ತಿರುವು ಬಂಡಿ.”

“ಅವರು ಬಾಡಿಗಿ ಮಾತಾಡಿದ್ದು ಹೊಳಿ ತನಕ,” ಎಂದ ಜೋಗಪ್ಪ. “ಅವರು ಹೇಳ್ಲಿ, ತಿರುವ್ತೀನಿ.”

“ಸುಳ್ಳದು! ಮದ್ರಾಸಿನಾಗ ಒಬ್ಬ ಉಂಡು ಕುಂತು ಬರದಾನ.”

ಪಾರಮ್ಮ ಅವನನ್ನು ದಿಟ್ಟಿಸಿದಳು. “ದೀಪ ಹಚ್ಚಿ ಓದಿದ್ದು ಸುಳ್ಳಾ? ನೀ ಕೈ ಮಾಡಿ ತೋರಿಸಿದ್ದು?”

“ಅರ್ಥ ಹೇಳೋವಾಗ ಹಂಗ ಹೇಳ್ತಾರವ್ವ. ನಮ್ಮ ಹಿರೇರೂ ಹಂಗ ಹೇಳ್ತಿದ್ರು.”

“ಹಂಗಾರ ಅವರು ತೋರಿಸಿದ ಹಳ್ಳ, ದೇವರು ಉಂಡ ಬಂಡೆಗಲ್ಲು ಎಲ್ಲಾ ಸುಳ್ಳು ಅನ್ನು.”

ಹಂಪಮ್ಮ ಕಣ್ಣು ತೆರೆದಳು. ದನಿ ಬತ್ತಿತ್ತು. “ಆಸ್ಪತ್ರ್ಯಾಗ ಕೈ ಕೂಡಿಸ್ತಾರೇನು, ಸಾಬಣ್ಣ?”

“ಇಲ್ಲವ್ವ. ಜೀವ ಉಳಸ್ತಾರ.”

“ಕೈ ಇಲ್ಲದ ಜೀವ ತಗೊಂಡು ಯಾರ ಬಾಗಲಾಗ ನಿಂದರ್ಲಿ? ಗಿರಣ್ಯಾಗ ಕರೀತಾರೇನು? ನಿನ್ನ ಸುಳ್ಳ ಚಲೋ ಐತಿ. ಜೋಗಣ್ಣ, ಹೊಡಿ.”

ಜೋಗಪ್ಪ ಎತ್ತುಗಳನ್ನು ನೊಗಕ್ಕೆ ಕಟ್ಟಿದ. ಶಾಬುದ್ದೀನ್ ಬಂಡಿಯ ಹಿಂದಿನ ಗಳ ಹಿಡಿದು ನಡೆಯತೊಡಗಿದ. ಕಾಲಿಗೆ ಬೀಳಲೋ, ಎತ್ತುಗಳ ಮುಂದೆ ಅಡ್ಡ ಮಲಗಲೋ ತಿಳಿಯಲಿಲ್ಲ. ಬಂಡಿ ಕುಲುಕಿದಾಗೆಲ್ಲ ಅವಳು ಹಲ್ಲು ಕಚ್ಚುತ್ತಿದ್ದಳು. ಸ್ವಲ್ಪ ದೂರ ಹೋದ ಮೇಲೆ ಅವಳೇ ಮಾತಾಡಿದಳು.

“ನೀ ಪೂರಾ ಓದೀಯಲ್ಲ. ಮುಂದ ಏನಾಗ್ತೈತಿ ಹೇಳು. ಕೈ ಕೂಡಿದ ಮ್ಯಾಲೆ?”

ಏನನ್ನಾದರೂ ಹೇಳಬಹುದಿತ್ತು. ಅವನ ಬಾಯಲ್ಲಿ ಕಥೆಗಳಿಗೆ ಬರವಿರಲಿಲ್ಲ. ಆದರೆ ಆ ಹೊತ್ತಿಗೆ ಅವನಿಗೆ ಪುಸ್ತಕದಲ್ಲಿ ಇದ್ದುದರ ಹೊರತು ಒಂದು ಅಕ್ಷರ ಸೇರಿಸುವ ಧೈರ್ಯ ಉಳಿದಿರಲಿಲ್ಲ.

“ಆ ಪಟ್ಟಣದ ರಾಜಗ ಭಾಳ ಖುಷಿ ಆಗ್ತೈತಿ. ನಗಾರಿ ಹೊಡಸ್ತಾನ. ಕೈ ಕೂಡಿದವರೆಲ್ಲ ರಾಜಗ ಶರಣು ಮಾಡಿ, ಸಂಜೀಕ ತಿರುಗಿ ಚಕ್ರದ ಕೆಲಸಕ್ಕ ಹೋಗ್ತಾರ.”

“ಅವತ್ತ?”

“ಅವತ್ತ.”

“ಅದ ಚಕ್ರಕ್ಕ?”

“ಅದಕ್ಕ.”

ಹಂಪಮ್ಮ ನಕ್ಕಳು. ಹುಲ್ಲಿನ ಮೇಲೆ ಮೈ ಅಲುಗಿತು. “ಕೇಳಿದೇನ ಅಕ್ಕಾ. ಅಲ್ಲೂ ಗಿರಣಿ ಐತಂತ. ಅವ ಕೈ ಕೂಡಿಸೋದು ನಮಗಲ್ಲ, ಚಕ್ರಕ್ಕ. ಅದರ ಸಲುವಾಗಿ ಹೊಳಿ ಬ್ಯಾರೆ ದಾಟಬೇಕಾ?” ಉಸಿರು ಎಳೆದುಕೊಂಡಳು. “ತಿರುವು ಜೋಗಣ್ಣ. ಸಾಯೋದಾದ್ರ ನಮ್ಮೂರ ಗಿರಣೀನ ಸಾಕು.”

ಅವಳನ್ನು, ಹಿಂದೆಯೇ ಬಂದಿದ್ದ ಜಟಕಾಕ್ಕೆ ಎತ್ತಿ ಹಾಕಿಕೊಂಡರು. ಕುದುರೆಯ ಬಾಯಲ್ಲಿ ನೊರೆ ಬರುವಂತೆ ಓಡಿಸಿದರು. ಕುರುಗೋಡಿನಲ್ಲಿ ನೀರು ಕೇಳಿದಳು, ಕುಡಿದಳು. ಆಮೇಲೆ ಚಳಿ ಎಂದಳು. ಬಳ್ಳಾರಿ ಹತ್ತಿರದ ಕೊಳಗಲ್ಲಿನ ಹೊಲಗಳು ಕಾಣುವ ಹೊತ್ತಿಗೆ ಪಾರಮ್ಮ, “ಇನ್ನ ಮೆಲ್ಲಕ ಹೊಡಸ್ರಿ,” ಎಂದಳು. ತಂಗಿಯ ಮುಖಕ್ಕೆ ಸೆರಗು ಹೊದಿಸಿದಳು.

ಒಂದನ್ನು ಮಾತ್ರ ಯಾವ ಕಾದಂಬರಿಯೂ ಊಹಿಸಿಲ್ಲ. ಹಡಗನ್ನು ಮುಗಿಲಿಗೆ ಹಾರಿಸುವವರಿಗೆ, ಸತ್ತವರನ್ನು ಎಬ್ಬಿಸುವವರಿಗೆ, ಕೈ ಉಳಿಯುವಂಥ ಒಂದು ಉರುಳೆಯನ್ನು ಕಲ್ಪಿಸಲಾಗಲಿಲ್ಲ. ಅದಕ್ಕೆ ಮಿಂಚು ಬೇಕಿಲ್ಲ. ಉರುಳೆಯ ಬಾಯಿಗೆ ಅಡ್ಡ ಒಂದು ಹಲಗೆ ಸಾಕು. ಹಲಗೆ ಇಟ್ಟರೆ ಅರಳೆ ನಿಧಾನ ಬರುತ್ತದೆ ಎಂದು ಧಣಿ ತೆಗೆಸಿಬಿಟ್ಟಿದ್ದ. ಗಿರಣಿಯ ಹೆಂಗಸರೆಲ್ಲರಿಗೂ ಅದು ಗೊತ್ತಿತ್ತು.

ಮಣ್ಣು ಮಾಡಿ ಬಂದು ಎಲ್ಲರೂ ಪಾರಮ್ಮನ ಮನೆಯಲ್ಲಿ ಕೂತಿದ್ದರು. ಮೇಸ್ತ್ರಿ ಬಂದು ಹೊಸ್ತಿಲ ಹೊರಗೆ ನಿಂತ. ರುಮಾಲು ತೆಗೆದು ಕೈಯಲ್ಲಿ ಹಿಡಿದ.

“ಆಗಬಾರದಿತ್ತವ್ವ, ಆತು. ಹಣಿಬರ. ತಂಗಿ ಜಾಗ ಖಾಲಿ ಐತಿ. ಅಂಗಳದ ಕೂಲಿಗಿಂತ ಜಾಸ್ತಿ. ಬೇರೇರಿಗೆ ಹೋಗೋದ್ರೊಳಗ ನಿನಗ ಕೇಳೋಣಂತ ಬಂದೆ.”

ಶಾಬುದ್ದೀನ್ ಎದ್ದು ನಿಂತ. ಪಾರಮ್ಮ ಅವನ ತೋಳು ಹಿಡಿದು ಕೂರಿಸಿದಳು.

“ಅದನ್ನ ತೊಳದೀರೇನು?”

“ಯಾವುದನ್ನ?”

“ಉರುಳಿ.”

ಮೇಸ್ತ್ರಿ ಗಲ್ಲ ಕೆರೆದುಕೊಂಡ. “ತೊಳಿಯೋದೇನೈತವ್ವ? ಅವತ್ತ ಹತ್ತಿ ಹಾಕಿದ್ವಿ, ಅದ ಒರಸಿಕೊಂಡು ಹೋತು. ಆ ಹತ್ತೀನ ಅಂಡಿಗಿ ಕಟ್ಟಿ ಮದ್ರಾಸಿಗೆ ಕಳಿಸಿಬಿಟ್ವಿ.”

ಪಾರಮ್ಮ ಎದ್ದು ಹೋಗಿ ಕದ ಮುಚ್ಚಿ ಅಗುಳಿ ಹಾಕಿದಳು. ಸ್ವಲ್ಪ ಹೊತ್ತಿಗೆ, ಮೇಸ್ತ್ರಿ ಪಕ್ಕದ ಮನೆಯ ಕದ ತಟ್ಟುವ ಸದ್ದು ಕೇಳಿಸಿತು.